ಅಡಿಕೆ ಸಸಿ ನರ್ಸರಿಗೆ ಚಾಟ್‌ಬಾಟ್ ಸಾಕಾ, ಏಜೆಂಟ್ ಬೇಕಾ? ಎರಡು ಸೀಸನ್‌ನ ಒಂದು ಪ್ರಕರಣ

ಚಿಕ್ಕ ವ್ಯಾಪಾರ ಮಾಡುವವರು ಈಗ ನನ್ನತ್ರ ಹೆಚ್ಚಾಗಿ ಕೇಳುವುದು ಒಂದೇ ಪ್ರಶ್ನೆ, ಚಾಟ್‌ಬಾಟ್ ಹಾಕ್ಬೇಕಾ ಅಲ್ಲ ಎಐ ಏಜೆಂಟೇ ಹಾಕ್ಬೇಕಾ ಅಂತ. ಒಬ್ಬೊಬ್ಬರಿಗೂ ಬಾಯಲ್ಲಿ ಹೇಳುವ ಬದಲು, ನಾನೇ ಜೊತೆಗಿದ್ದು ನೋಡಿದ ಒಂದು ನರ್ಸರಿಯ ಕತೆ ಪೂರ್ತಿ ಬರೆದಿಡ್ತೇನೆ. ಹೆಸರು, ಊರು ಹಾಕುವುದಿಲ್ಲ. ಕಾಸರಗೋಡು ಜಿಲ್ಲೆಯ ಗಡಿ ಹತ್ತಿರ, ಬದಿಯಡ್ಕ ಪೆರ್ಲ ಕಡೆಯಲ್ಲಿ ಇಂಥ ನರ್ಸರಿ ಸುಮಾರು ಉಂಟು, ಅದರಲ್ಲಿ ಒಂದು ಅಂತ ತಿಳ್ಕೊಳ್ಳಿ, ಗುರುತು ಸಿಗದ ಹಾಗೆ ಒಂದೆರಡು ವಿವರ ಬದಲಿಸಿದ್ದೇನೆ. ನಡೆಸುವವರು ಗಂಡ ಹೆಂಡತಿ, ಇಬ್ಬರಿಗೂ ಅರುವತ್ತರ ಹತ್ತಿರ, ಮಗ ಬೆಂಗಳೂರಲ್ಲಿ. ನಾನು ಕರೆಯುವ ಹಾಗೆ ಇಲ್ಲೂ ಮಾವ, ಅತ್ತೆ, ಭಾವ ಅಂತಲೇ ಬರೀತೇನೆ.

ಮುಖ್ಯ ಮಾಲು ಅಡಿಕೆ ಸಸಿ. ಮಂಗಳ, ಮೋಹಿತ್‌ನಗರ, ಇಂಟರ್ ಮಂಗಳ, ಮತ್ತೆ ಊರ ತಳಿ. ಜೊತೆಗೆ ಪಣಿಯೂರು ಕಾಳುಮೆಣಸು, ಸ್ವಲ್ಪ ತೆಂಗು, ಕಸಿ ಹಲಸು. ಕಾಸರಗೋಡಿನ ಸಿಪಿಸಿಆರ್‌ಐ, ಅಂದ್ರೆ ಕೇಂದ್ರ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ, 1972ರಲ್ಲಿ ಬಿಡುಗಡೆ ಮಾಡಿದ ಮಂಗಳ ತಳಿಗೆ ಈಗಲೂ ಜನ ಕೇಳಿಕೊಂಡು ಬರ್ತಾರೆ. ಅಡಿಕೆ ಸಸಿಯ ವ್ಯಾಪಾರ ವರ್ಷ ಇಡೀ ಒಂದೇ ರೀತಿ ಇರುವುದಿಲ್ಲ. ಪ್ಲಾಸ್ಟಿಕ್ ತೊಟ್ಟೆಯಲ್ಲಿ ಒಂದು, ಒಂದೂವರೆ ವರ್ಷ ಸಾಕಿ, ಐದು ಎಲೆ ಆದ ಮೇಲೆ, ಮಳೆ ಹಿಡಿಯುವ ಮೇ ಕೊನೆ ಜೂನ್ ಸಮಯಕ್ಕೆ ಎಲ್ಲರಿಗೂ ಒಟ್ಟಿಗೆ ಬೇಕು. ಅಷ್ಟು ಸಮಯ ಸಾಕಿದ್ದು ಎರಡು ತಿಂಗಳಲ್ಲಿ ಖಾಲಿ ಆಗ್ಬೇಕು, ಆಗದಿದ್ರೆ ತೊಟ್ಟೆ ಹರಿದು ಬೇರು ನೆಲಕ್ಕೆ ಇಳಿದು ಸಸಿ ಹಾಳು.

2024ರ ಸೀಸನ್‌ನಲ್ಲಿ ತೊಂದರೆ ಎದ್ದು ಕಂಡದ್ದು. ನರ್ಸರಿಯ ನಂಬರ್ ಒಂದೇ, ಅದು ಅತ್ತೆಯ ಫೋನಲ್ಲಿ. ದಿನಕ್ಕೆ ಅರುವತ್ತು ಎಪ್ಪತ್ತು ವಾಟ್ಸಾಪ್ ಮೆಸೇಜ್, ಅದರ ಮೇಲೆ ಕಾಲ್. "ಸೆಸಿ ಇದ್ದಾ" ಅಂತ ಹವ್ಯಕದಲ್ಲಿ ಒಬ್ಬರು, "ದೈ ಉಂಡಾ ಅಕ್ಕ" ಅಂತ ತುಳುವಿನಲ್ಲಿ ಒಬ್ಬರು, "ತೈ ಉಂಡೋ ಚೇಚಿ" ಅಂತ ಮಲಯಾಳದಲ್ಲಿ ಇನ್ನೊಬ್ಬರು, ಅರ್ಧ ಜನ ಅದನ್ನು ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿ ಕಳಿಸುವುದು, ಪ್ರಾಯದವರು ಪೂರ ವಾಯ್ಸ್ ಮೆಸೇಜ್. ಕೇಳುವುದೆಲ್ಲ ಹೆಚ್ಚು ಕಮ್ಮಿ ನಾಲ್ಕೇ ವಿಷಯ: ಉಂಟಾ, ರೇಟ್ ಎಷ್ಟು, ಜಾಗ ಎಲ್ಲಿ, ಆದಿತ್ಯವಾರ ತೆರೆದಿರ್ತದಾ. ಅತ್ತೆ ರಾತ್ರಿ ಊಟ ಬಿಟ್ಟು ಜಗಲಿಯಲ್ಲಿ ಕೂತು "ಮೋಹಿತ್‌ನಗರ ಉಂಟು, 40 ರೂಪಾಯಿ" ಅಂತ ಒಂದೊಂದೇ ಅಕ್ಷರ ಒತ್ತುತ್ತಾ ಇದ್ದದ್ದು ನಾನು ನೋಡಿದ್ದೇನೆ. ಆ ಗಡಿಬಿಡಿಯಲ್ಲಿ 600 ಸಸಿ ಬೇಕು ಅಂತ ಬಂದ ಒಂದು ಮೆಸೇಜ್ ಎರಡು ದಿನ ಕೆಳಗೆ ಹೋಗಿ ಸಿಕ್ಕಿಕೊಂಡಿತು, ಅವರು ಪುತ್ತೂರು ಕಡೆಯಿಂದ ತಗೊಂಡ್ರು. ಆ ವರ್ಷ ಉಳಿದ ಮೋಹಿತ್‌ನಗರದ ಸಾಲುಗಳನ್ನು ನೋಡುವಾಗೆಲ್ಲ ಮಾವನಿಗೆ ಆ ಮೆಸೇಜಿನ ನೆನಪು.

ಭಾವ ಊರಿಗೆ ಬಂದಾಗ ಒಂದು ಕಂಪೆನಿಯ ಕೊಟೇಶನ್ ಹಿಡ್ಕೊಂಡೇ ಬಂದ. "ಎಐ ಏಜೆಂಟ್" ಅಂತೆ, ಅದೇ ಮಾತಾಡ್ತದೆ, ಅದೇ ಸ್ಟಾಕ್ ನೋಡ್ತದೆ, ಅದೇ ಬುಕ್ ಮಾಡಿ ಅಡ್ವಾನ್ಸ್ ಲಿಂಕ್ ಕಳಿಸ್ತದೆ, ಅಮ್ಮ ಫೋನ್ ಮುಟ್ಟುವುದೇ ಬೇಡ. ಮಾವ ನನ್ನನ್ನು ಕರೆಸಿದ್ದು ಆವಾಗ. "ಇವ ಹೇಳುದು ಎಂತ ಅಂತ ನಂಗೆ ಅರ್ಥ ಆಗುವ ಹಾಗೆ ಹೇಳು" ಅಂದ್ರು.

ನಾನು ಹೇಳಿದ್ದು ಇಷ್ಟು. ಮೆನು ಇರುವ ಹಳೆ ಥರದ ಬಾಟ್ ಅಂದ್ರೆ ಗೇಟಿಗೆ ಹಾಕಿದ ಬೋರ್ಡಿನ ಹಾಗೆ, ಬರೆದದ್ದು ಬಿಟ್ಟು ಬೇರೆ ಹೇಳುವುದಿಲ್ಲ. ಎಐ ಚಾಟ್‌ಬಾಟ್ ಅಂದ್ರೆ ಗೇಟಲ್ಲಿ ನಿಂತು ಬಂದವರತ್ರ ಮಾತಾಡುವ ಜನ, ಹೇಗೆ ಕೇಳಿದ್ರೂ ಅರ್ಥ ಮಾಡ್ಕೊಂಡು ನಾವು ಕೊಟ್ಟ ಮಾಹಿತಿ ನೋಡಿ ಉತ್ತರ ಹೇಳ್ತದೆ, ಆದ್ರೆ ಒಳಗೆ ಬಂದು ಏನನ್ನೂ ಮುಟ್ಟುವುದಿಲ್ಲ. ಏಜೆಂಟ್ ಅಂದ್ರೆ ಅದೇ ಜನಕ್ಕೆ ಗಲ್ಲಾಪೆಟ್ಟಿಗೆಯ ಕೀ, ಸ್ಟಾಕ್ ಪುಸ್ತಕ, ಪೆನ್ನು ಎಲ್ಲ ಕೊಟ್ಟು ಕೂರಿಸಿದ ಹಾಗೆ. 2023ರ ಜೂನಲ್ಲಿ ಚಾಟ್‌ಜಿಪಿಟಿಯ ಕಂಪೆನಿ ಓಪನ್‌ಎಐ "ಫಂಕ್ಷನ್ ಕಾಲಿಂಗ್" ಅಂತ ತಂದ ಮೇಲೆ, ಮಾಡೆಲ್, ಅಂದ್ರೆ ಬಾಟಿನ ಒಳಗೆ ಕೂತು ಉತ್ತರ ಬರೆಯುವ ಎಐ, ಬರೀ ಮಾತಾಡುವುದು ಬಿಟ್ಟು ಶೀಟ್ ಓದುವುದು, ಬರೆಯುವುದು, ಲಿಂಕ್ ಕಳಿಸುವುದು ಇದೆಲ್ಲ ಸುಲಭ ಆಯ್ತು. ಮುಂದೆ ಎಂತ ಮಾಡ್ಬೇಕು ಅಂತ ಅದೇ ತೀರ್ಮಾನ ಮಾಡ್ತದೆ, ಮಾಡಿದ್ದರ ಫಲ ನೋಡಿ ಅದರ ಮುಂದಿನದ್ದೂ ಅದೇ ಮಾಡ್ತದೆ. ಅತ್ತೆ ಒಂದೇ ಮಾತು ಕೇಳಿದ್ರು, "ಹೊಸ ಕೆಲಸದವ ಬಂದ್ರೆ ಮೊದಲ ದಿನವೇ ಕೀ ಕೊಡ್ತೇವಾ?" ಆ ಪ್ರಶ್ನೆಯನ್ನು ನಾವು ಅವತ್ತೇ ಸರಿಯಾಗಿ ಕಿವಿಗೆ ಹಾಕ್ಕೊಳ್ಬೇಕಿತ್ತು ಅಂತ ಈಗ ಅನಿಸ್ತದೆ.

ಮೊದಲು ದುಡ್ಡು ಖರ್ಚಿಲ್ಲದ್ದು ಮಾಡಿದೆವು. ಅತ್ತೆಯ ಫೋನಲ್ಲಿ ವಾಟ್ಸಾಪ್ ಬಿಸಿನೆಸ್ ಆಪ್ ಇತ್ತು, ಆದ್ರೆ ಅದರ ಒಳಗಿನದ್ದು ಯಾವುದೂ ಉಪಯೋಗ ಆಗ್ತಾ ಇರ್ಲಿಲ್ಲ. ಗ್ರೀಟಿಂಗ್ ಮೆಸೇಜಲ್ಲಿ ಸಮಯ ಮತ್ತೆ ಲೊಕೇಶನ್, ಕ್ಯಾಟಲಾಗಲ್ಲಿ ತಳಿಗಳ ಫೋಟೋ ಮತ್ತೆ ರೇಟ್, ಕ್ವಿಕ್ ರಿಪ್ಲೈಯಲ್ಲಿ ದಾರಿ, ಅಡ್ವಾನ್ಸ್ ಕೊಟ್ಟವರಿಗೆ ಒಂದು ಬಣ್ಣದ ಲೇಬಲ್. ಒಂದು ಮಧ್ಯಾಹ್ನದ ಕೆಲಸ. ಅದರಲ್ಲೇ ಸುಮಾರು ಹಗುರ ಆಯ್ತು, "ಜಾಗ ಎಲ್ಲಿ" ಅಂತ ಕೇಳುವುದು ಹೆಚ್ಚು ಕಮ್ಮಿ ನಿಂತೇ ಹೋಯ್ತು. ಬಾಟ್, ಏಜೆಂಟ್ ಅಂತ ಯೋಚನೆ ಮಾಡುವ ಯಾರಿಗಾದ್ರೂ ನಾನು ಮೊದಲು ಹೇಳುವುದು ಈ ಒಂದು ಮಧ್ಯಾಹ್ನದ ಕೆಲಸವನ್ನೇ.

2025ರ ಫೆಬ್ರವರಿಯಲ್ಲಿ ಮೆನು ಬಾಟ್ ಹಾಕಿದೆವು. ಅತ್ತೆಯ ಹಳೆ ನಂಬರ್ ಮುಟ್ಟಲಿಲ್ಲ, ಇದಕ್ಕೆ ಬೇರೆಯೇ ನಂಬರ್ ತಗೊಂಡೆವು, ಆ ತೀರ್ಮಾನ ಮುಂದೆ ತುಂಬ ಒಳ್ಳೇದಾಯ್ತು. ವಾಟ್ಸಾಪಲ್ಲಿ ಒಂದು ಮೆಸೇಜಿಗೆ ಮೂರೇ ಬಟನ್, ಒಂದು ಬಟನಿಗೆ 20 ಅಕ್ಷರವೇ ಮಿತಿ. ಕನ್ನಡದಲ್ಲಿ ಒತ್ತು, ಗುಣಿತ ಪ್ರತಿಯೊಂದನ್ನೂ ಬೇರೆ ಬೇರೆಯಾಗಿ ಎಣಿಸ್ತದೆ ಅಂತ ನಮಗೆ ಗೊತ್ತಾದದ್ದು "ಆರ್ಡರ್ ಎಲ್ಲಿಗೆ ಮುಟ್ಟಿತು" ಅಂತ ಹಾಕ್ಲಿಕ್ಕೆ ಹೋಗಿ ಆಗದೆ ಇದ್ದಾಗ, ಕಣ್ಣಿಗೆ ಕಾಣುವುದು ಒಂಬತ್ತು ಅಕ್ಷರ, ನಡುವಿನ ಖಾಲಿ ಜಾಗವೂ ಸೇರಿ ಅದರ ಲೆಕ್ಕದಲ್ಲಿ 23. ಕೊನೆಗೆ "ಎಲ್ಲಿಗೆ ಮುಟ್ಟಿತು?" ಅಂತ ಕತ್ತರಿಸಿ ಹಾಕಿದೆವು.

ಆದ್ರೆ ನಮ್ಮ ಗಿರಾಕಿಗಳು ಬಟನ್ ಒತ್ತುವವರೇ ಅಲ್ಲ. ಅವರು ಅಕ್ಕನತ್ರ ಮಾತಾಡ್ಲಿಕ್ಕೆ ಬಂದವರು. ಒಬ್ಬರು ಪ್ರಾಯದವರು "ಅಕ್ಕ, ನಮ್ಮ ತೋಟದಲ್ಲಿ ಹೋದ ವರ್ಷ ನಿಮ್ಮ ಸಸಿ ಇಟ್ಟದ್ದು ಚೆಂದ ಬಂದಿದೆ, ಈ ಸಲ ನೂರು ಬೇಕಿತ್ತು" ಅಂತ ಬರೆದದ್ದಕ್ಕೆ ಮೆನು ಬಂತು, ಅವರು ಮತ್ತೆ ಬರೆದ್ರು, ಮತ್ತೆ ಅದೇ ಮೆನು. ಐದು ಸಲ. ಆರನೇ ಸಲ ಅವರು "ಬೇಡ ಬಿಡಿ" ಅಂತ ಹಾಕಿದ್ದನ್ನು ಅತ್ತೆ ಮಾರನೇ ದಿನ ನೋಡಿ ಪಾಪ ಕಣ್ಣೀರು ಹಾಕಿದ್ರು, ಫೋನ್ ಮಾಡಿ ಕ್ಷಮೆ ಕೇಳಿದ್ರು. ಇಪ್ಪತ್ತು ವರ್ಷದ ಪರಿಚಯದವರ ಜೊತೆ ಹಾಗೆ ನಡ್ಕೊಂಡದ್ದು ಮಿಷನ್ನೇ ಆದ್ರೂ ಹೆಸರು ನರ್ಸರಿಯದ್ದು. ಆರು ವಾರ ಆಗುವ ಮೊದಲೇ ಮೆನು ತೆಗೆದೆವು.

ಮೆನು ಬಾಟ್ ಸೋತದ್ದೇ ಭಾವನಿಗೆ ಬಲ ಆಯ್ತು. "ನೋಡಿ, ಅದಕ್ಕೇ ಹೇಳಿದ್ದು, ಅರ್ಥ ಮಾಡಿಕೊಳ್ಳುವಂಥದ್ದು ಬೇಕು" ಅಂದ. ಮಾತು ನಿಜವೇ. ಆದ್ರೆ ಇಲ್ಲೇ ನಮ್ಮಿಂದ ದೊಡ್ಡ ತಪ್ಪಾದದ್ದು, ನಾನೂ ಅದರಲ್ಲಿ ಸೇರಿದ್ದೇನೆ. ಬೇಕಾಗಿದ್ದದ್ದು ಅರ್ಥ ಮಾಡಿಕೊಳ್ಳುವ ಶಕ್ತಿ, ನಾವು ಕೊಟ್ಟದ್ದು ಅರ್ಥ ಮಾಡಿಕೊಳ್ಳುವ ಶಕ್ತಿ ಮತ್ತೆ ಕೆಲಸ ಮಾಡುವ ಅಧಿಕಾರ, ಎರಡನ್ನೂ ಒಂದೇ ಕಟ್ಟಿನಲ್ಲಿ. ಇವು ಎರಡು ಬೇರೆ ಬೇರೆ ವಿಷಯ ಅಂತ ಆಗ ನಮ್ಮಲ್ಲಿ ಯಾರೂ ಬಿಡಿಸಿ ಹೇಳಿಲ್ಲ.

ಏಪ್ರಿಲಲ್ಲಿ ಮೂರು ವಾರ ಏಜೆಂಟಿನ ಟ್ರಯಲ್. ಗೂಗಲ್ ಶೀಟಲ್ಲಿ ಸ್ಟಾಕ್, ಏಜೆಂಟಿಗೆ ಅದನ್ನು ಓದುವ, ಬುಕಿಂಗ್ ಬರೆಯುವ, ಅಡ್ವಾನ್ಸಿನ ಯುಪಿಐ ಲಿಂಕ್ ಕಳಿಸುವ ಅಧಿಕಾರ. ಮೊದಲ ವಾರ ನಿಜಕ್ಕೂ ಖುಷಿ ಆಯ್ತು. "ದೈ ಉಂಡಾ" ಅಂದ್ರೂ "ತೈ ಉಂಡೋ" ಅಂದ್ರೂ ಅರ್ಥ ಆಗಿ ಅದೇ ಭಾಷೆಯಲ್ಲಿ ಅಲ್ಲದಿದ್ರೂ ಹತ್ತಿರದ ಭಾಷೆಯಲ್ಲಿ ಉತ್ತರ ಹೋಗ್ತಿತ್ತು. ಒಬ್ಬರು "60 ಸೆಂಟ್ಸ್ ಜಾಗ ಉಂಟು, ಎಷ್ಟು ಸಸಿ ಬೇಕಾದೀತು" ಅಂತ ಕೇಳಿದ್ದಕ್ಕೆ, ಅಡಿಕೆಗೆ ಶಿಫಾರಸು ಮಾಡುವ ಒಂಬತ್ತಡಿ ಒಂಬತ್ತಡಿ ಅಂತರ ಹಿಡಿದು ಸುಮಾರು 320 ಅಂತ ಹೇಳಿತು, ಸತ್ತು ಹೋಗುವುದಕ್ಕೆ ಸ್ವಲ್ಪ ಹೆಚ್ಚು ತಗೊಳ್ಳಿ ಅಂತಲೂ ಸೇರಿಸಿತು. ಮಾವ ಕಾಗದದಲ್ಲಿ ಲೆಕ್ಕ ಹಾಕಿ ನೋಡಿದ್ರು, ಸರಿಯೇ ಇತ್ತು.

ಎರಡನೇ ವಾರ ಒಂದು ಬುಕಿಂಗ್ ತಪ್ಪಿತು. ಗಿರಾಕಿ ಬರೆದದ್ದು "ಮಂಗಳ 200". ಅವರ ಮನಸ್ಸಲ್ಲಿ ಇದ್ದದ್ದು ಇಂಟರ್ ಮಂಗಳ, ಅಂದ್ರೆ ಆರಿಸಿದ ಮಂಗಳ ಮರಗಳ ಒಳಗೊಳಗೇ ಪರಾಗಸ್ಪರ್ಶ ಮಾಡಿಸಿ ತೆಗೆದ ಬೀಜದ ಸಸಿ, ರೇಟೂ ಬೇರೆ. ಊರಲ್ಲಿ ಎಷ್ಟೋ ಜನ ಎರಡಕ್ಕೂ ಮಂಗಳ ಅಂತಲೇ ಹೇಳುವುದು, ಅತ್ತೆ ಆದ್ರೆ "ಯಾವ್ದು, ಇಂಟರಾ?" ಅಂತ ಕೇಳದೆ ಬರೆಯುವುದಿಲ್ಲ. ಏಜೆಂಟ್ ಶೀಟಲ್ಲಿ "ಮಂಗಳ" ಅಂತ ಸಾಲು ಕಂಡಿತು, ಬುಕ್ ಮಾಡಿತು, ಅಡ್ವಾನ್ಸೂ ತಗೊಂಡಿತು.

ಅದು ಮಾತಾಡಿ ಸರಿ ಆಯ್ತು. ಅದರ ನಂತರದ್ದು ಹಾಗೆ ಆಗ್ಲಿಲ್ಲ. ಒಂದು ಆದಿತ್ಯವಾರ ಸುಳ್ಯ ಕಡೆಯಿಂದ ಪಿಕಪ್ ಬಂದು ಗೇಟಲ್ಲೇ ಕ್ಯಾಶ್ ಕೊಟ್ಟು 350 ಮೋಹಿತ್‌ನಗರ ತುಂಬಿಸ್ಕೊಂಡು ಹೋದ್ರು. ಮಾವ ಅದನ್ನು ಬೈಂಡ್ ಪುಸ್ತಕದಲ್ಲಿ ಬರೆದ್ರು, ಶೀಟಿಗೆ ಹಾಕುವವರು ಯಾರೂ ಇಲ್ಲ. ಸೋಮವಾರ ಬೆಳಿಗ್ಗೆ ಏಜೆಂಟ್ ಅದೇ ಇಲ್ಲದ ಸಸಿಯನ್ನು ಇಬ್ಬರಿಗೆ ಹಂಚಿ ಅಡ್ವಾನ್ಸ್ ತಗೊಂಡಿತ್ತು. ದುಡ್ಡು ವಾಪಸ್ ಕೊಟ್ಟೆವು, ಒಬ್ಬರು ಗುಂಡಿ ತೆಗೆಸಿ, ಜನ ಹೇಳಿ ಇಟ್ಟಿದ್ರು, ಅವರ ಬೇಜಾರು ದುಡ್ಡು ವಾಪಸ್ ಕೊಟ್ಟಲ್ಲಿಗೆ ಮುಗಿಯುವಂಥದ್ದಲ್ಲ. ಭಾವ "ಸಾಫ್ಟ್‌ವೇರ್ ತಪ್ಪು ಅಂತ ಹೇಳುವಾ" ಅಂದದ್ದಕ್ಕೆ ಮಾವ, "ನಮ್ಮ ನರ್ಸರಿ ಹೆಸರಲ್ಲಿ ಹೋದ ಮಾತು, ನಾನು ಹೇಳಿದ್ದಲ್ಲ ಅಂತ ಹೇಗೆ ಹೇಳುದು?" ಅಂದ್ರು. ಮಾವನಿಗೆ ಗೊತ್ತಿರ್ಲಿಲ್ಲ, ಇದೇ ವಾದ ಕೆನಡಾದಲ್ಲಿ ಟ್ರಿಬ್ಯುನಲ್ ತನಕ ಹೋಗಿತ್ತು. ಏರ್ ಕೆನಡಾ ಕಂಪೆನಿಯ ಚಾಟ್‌ಬಾಟ್ ಟಿಕೆಟ್ ರಿಯಾಯಿತಿಯ ಬಗ್ಗೆ ಪ್ರಯಾಣಿಕರೊಬ್ಬರಿಗೆ ತಪ್ಪು ಹೇಳಿತ್ತು, ಬಾಟ್ ಹೇಳಿದ್ದಕ್ಕೆ ತಾನು ಹೊಣೆ ಅಲ್ಲ ಎಂಬ ಕಂಪೆನಿಯ ವಾದವನ್ನು 2024ರ ಫೆಬ್ರವರಿಯಲ್ಲಿ ಬ್ರಿಟಿಷ್ ಕೊಲಂಬಿಯಾದ ಟ್ರಿಬ್ಯುನಲ್ ಒಪ್ಪಲಿಲ್ಲ, ಪರಿಹಾರ ಕೊಡ್ಲಿಕ್ಕೆ ಹೇಳಿತು. ಗಮನಿಸಿ, ಅದು ಏಜೆಂಟೂ ಅಲ್ಲ, ಬರೀ ಉತ್ತರ ಹೇಳುವ ಬಾಟ್.

ಟ್ರಯಲ್ ನಿಲ್ಲಿಸಿದ್ದು ಮಾತ್ರ ಮೂರನೇ ಘಟನೆಗೆ. ಒಬ್ಬರು ಎಲೆ ಒಣಗಿದ ಫೋಟೋ ಹಾಕಿ ಎಂತ ಬಿಡ್ಬೇಕು ಅಂತ ಕೇಳಿದ್ರು. ಏಜೆಂಟ್ ಒಂದು ಕ್ಷಣ ತಡ ಇಲ್ಲದೆ ಶಿಲೀಂಧ್ರ ರೋಗ ಅಂತ ಹೇಳಿ, ಮದ್ದಿನ ಹೆಸರು, ಲೀಟರಿಗೆ ಇಷ್ಟು ಗ್ರಾಂ ಅಂತ ಬರೆದು ಕಳಿಸಿತು. ಅತ್ತೆ ಫೋಟೋ ನೋಡಿದ ಕೂಡ್ಲೆ "ಇದು ರೋಗ ಅಲ್ಲ, ನೆರಳಿಲ್ಲದೆ ಬಿಸಿಲಿಗೆ ಸುಟ್ಟದ್ದು" ಅಂದ್ರು, ಫೋನ್ ಮಾಡಿ ಕೇಳಿದ್ರೆ ನಿಜ, ಪಶ್ಚಿಮದ ಬಿಸಿಲು ನೇರ ಬೀಳುವ ಕಡೆ ಇಟ್ಟ ಸಸಿ. ಎಲೆ ಚುಕ್ಕಿ ರೋಗಕ್ಕೆ, ಹಳದಿ ಎಲೆ ರೋಗಕ್ಕೆ ಹೆದರಿ ಕೂತ ಊರು ನಮ್ಮದು, ಹೆದರಿದವರಿಗೆ ಮದ್ದಿನ ಹೆಸರು ಸಿಕ್ಕಿದ್ರೆ ತಂದು ಬಿಟ್ಟೇ ಬಿಡ್ತಾರೆ. ಅವತ್ತು ಸಂಜೆ ಅತ್ತೆಯೇ "ಇದು ಸಾಕು, ತೆಗೀರಿ" ಅಂದ್ರು.

ಆ ರಾತ್ರಿ ನಾವು ನಾಲ್ಕೂ ಜನ, ಭಾವ ವೀಡಿಯೋ ಕಾಲಲ್ಲಿ, ನರ್ಸರಿಯ ಶೆಡ್ಡಿನ ಬೆಂಚಲ್ಲಿ ಕೂತೆವು. ಬಾಟಾ ಏಜೆಂಟಾ ಅಂತ ಮಾತಾಡುವುದು ಬಿಟ್ಟು, ಅತ್ತೆ ಫೋನಲ್ಲಿ ದಿನಕ್ಕೆ ಮಾಡುವ ಕೆಲಸ ಒಂದೊಂದಾಗಿ ಬರೆದೆವು, ಎದುರಲ್ಲಿ ಒಂದೇ ಪ್ರಶ್ನೆ: ಇದು ತಪ್ಪಿದ್ರೆ ಎಂತ ಆಗ್ತದೆ, ಆಮೇಲೆ ಸರಿ ಮಾಡ್ಲಿಕ್ಕೆ ಆಗ್ತದಾ? ಆದಿತ್ಯವಾರ ತೆರೆದಿದೆ ಅಂತ ತಪ್ಪು ಹೇಳಿದ್ರೆ ಒಬ್ಬರಿಗೆ ಒಂದು ಓಡಾಟ ದಂಡ, ಕ್ಷಮೆ ಕೇಳಿದ್ರೆ ಮುಗೀತದೆ. ಬುಕಿಂಗ್ ತಪ್ಪಿದ್ರೆ ಒಬ್ಬರ ಒಂದು ಮಳೆಗಾಲ ಹೋಗ್ತದೆ. ಮದ್ದು ತಪ್ಪು ಹೇಳಿದ್ರೆ ಅವರ ತೋಟ, ಅದಕ್ಕೆ ವಾಪಸ್ ಅನ್ನುವುದೇ ಇಲ್ಲ. ಬರೆದ ಮೇಲೆ ಯಾವುದು ಯಾರಿಗೆ ಅಂತ ನಾವು ತೀರ್ಮಾನ ಮಾಡ್ಬೇಕಾಗಿ ಬರ್ಲಿಲ್ಲ, ಕಾಗದವೇ ಹೇಳಿತು.

ಇನ್ನೊಂದು ವಿಷಯ ಆ ಬೆಂಚಲ್ಲೇ ಹೊರಗೆ ಬಂತು, ಈ ಪ್ರಕರಣದಲ್ಲಿ ನನಗೆ ಅತಿ ಮುಖ್ಯ ಅನಿಸಿದ್ದು ಇದೇ. ಏಜೆಂಟ್ ಬುಕಿಂಗ್ ತಪ್ಪು ಮಾಡಿದ್ದು ಅದಕ್ಕೆ ಬುದ್ಧಿ ಸಾಲದೆ ಅಲ್ಲ, ನರ್ಸರಿಯ ಲೆಕ್ಕ ಮಾವನ ಬೈಂಡ್ ಪುಸ್ತಕದಲ್ಲಿ ಅರ್ಧ, ಅತ್ತೆಯ ತಲೆಯಲ್ಲಿ ಅರ್ಧ ಇದ್ದದ್ದರಿಂದ. ಶೀಟ್ ಸುಳ್ಳು ಹೇಳ್ತಾ ಇತ್ತು, ಅದು ಶೀಟನ್ನು ನಂಬಿತು. ಹಾಗಾದ್ರೆ ಕಾಸು ಕೊಟ್ಟು ತಂದ ಆ ಶಕ್ತಿಯನ್ನು ಗಿರಾಕಿಯ ಎದುರು ನಿಲ್ಲಿಸುವ ಬದಲು ನಮ್ಮ ಒಳಗಿನ ಲೆಕ್ಕ ಸರಿ ಮಾಡ್ಲಿಕ್ಕೆ ಯಾಕೆ ಹಚ್ಚಬಾರದು ಅಂತ ಕೇಳಿದ್ದು ಭಾವ. ಮೂರು ವಾರ ಅವನ ಮಾತು ತಪ್ಪಾಗಿತ್ತು, ಆ ಒಂದು ಮಾತು ಇಡೀ ವಿಷಯ ತಿರುಗಿಸಿತು.

ಮೇ ಮೊದಲ ವಾರದಿಂದ ಹೀಗೆ ನಡೀತಾ ಉಂಟು. ಹೊಸ ನಂಬರಲ್ಲಿ ಎಐ ಚಾಟ್‌ಬಾಟ್, ಅದು ನೋಡಿ ಹೇಳುವುದು ಅತ್ತೆ ಬರೆದು ಕೊಟ್ಟ ಎರಡು ಪುಟ ಮಾತ್ರ. ತಳಿ, ರೇಟ್, ಸಮಯ, ದಾರಿ, ಅಂತರ, ಸೆಂಟ್ಸಿಗೆ ಎಷ್ಟು ಸಸಿ. ಆ ಎರಡು ಪುಟ ಬರೀಲಿಕ್ಕೆ ಅತ್ತೆಗೆ ನಾಲ್ಕು ದಿನ ಬೇಕಾಯ್ತು, "ಮಂಗಳ ಅಂತ ಹೇಳಿದ್ರೆ ಇಂಟರಾ ಮಾಮೂಲಾ ಅಂತ ಕೇಳ್ಬೇಕು" ಎಂಬುದು ಅದರ ಮೂರನೇ ಸಾಲು. ರೋಗದ ಮಾತು, ಎಲೆಯ ಫೋಟೋ ಬಂದ್ರೆ ಬಾಟ್ ಮದ್ದಿನ ಹೆಸರೇ ಎತ್ತುವುದಿಲ್ಲ, ನಿಮ್ಮ ಪಂಚಾಯತಿನ ಕೃಷಿ ಭವನದಲ್ಲಿ ಅಥವಾ ಸಿಪಿಸಿಆರ್‌ಐಯಲ್ಲಿ ತೋರಿಸಿ, ಅಕ್ಕನಿಗೂ ತಿಳಿಸ್ತೇನೆ ಅಂತ ಹೇಳಿ ಅತ್ತೆಗೆ ದಾಟಿಸ್ತದೆ. ವಾಯ್ಸ್ ಮೆಸೇಜ್ ಪೂರ ಅತ್ತೆಗೇ, ತುಳು ಮಲಯಾಳ ಕನ್ನಡ ಬೆರೆಸಿ ಮಾತಾಡಿದ್ದನ್ನು ಅಕ್ಷರಕ್ಕೆ ಇಳಿಸುವಾಗ ಸಂಖ್ಯೆಯೇ ತಪ್ಪಿ ಹೋಗ್ತಾ ಇತ್ತು. ಬುಕಿಂಗ್ ಬೇಕಾದವರ ಹೆಸರು, ಊರು, ತಳಿ, ಎಷ್ಟು, ಯಾವ ದಿನ ಇಷ್ಟನ್ನು ಬಾಟ್ ಕೇಳಿ ಒಂದು ಚೀಟಿ ಮಾಡಿ ಅತ್ತೆಗೆ ಕಳಿಸ್ತದೆ. ಅತ್ತೆ ಸಾಲು ನೋಡಿ ಬಂದು "ಸರಿ" ಒತ್ತಿದ್ರೆ ಮಾತ್ರ ಗಿರಾಕಿಗೆ ಖಾತ್ರಿ ಮೆಸೇಜ್, ಅಡ್ವಾನ್ಸ್ ಕೇಳುವುದು ಅದರ ಮೇಲೆ.

ಏಜೆಂಟ್ ಇರುವುದು ಒಳಗೆ. ಸಂಜೆ ಆರೂವರೆಗೆ ಮಾವ ಬೈಂಡ್ ಪುಸ್ತಕದ ಅವತ್ತಿನ ಪುಟದ ಫೋಟೋ ತೆಗೆದು ಹಾಕ್ತಾರೆ, ಅದು ಓದಿ ಶೀಟಿಗೆ ಇಳಿಸ್ತದೆ, ಬುಕಿಂಗಿನ ಜೊತೆ ತಾಳೆ ನೋಡ್ತದೆ, ಹೊಂದದೆ ಇದ್ದದ್ದನ್ನು ಪಟ್ಟಿ ಮಾಡಿ ಕೇಳ್ತದೆ. ಮಾವನ 1 ಮತ್ತೆ 7 ಒಂದೇ ಥರ ಕಾಣುವುದರಿಂದ ಮೊದಲ ಹತ್ತು ದಿನ ತಪ್ಪು ಬಂತು, ಮಾವ 7ಕ್ಕೆ ನಡುವೆ ಅಡ್ಡ ಗೆರೆ ಹಾಕ್ಲಿಕ್ಕೆ ಶುರು ಮಾಡಿದ್ರು. ಇಲ್ಲಿ ತಪ್ಪಿದ್ರೂ ಗಿರಾಕಿಗೆ ಮುಟ್ಟುವುದಿಲ್ಲ, ಮಾರನೇ ಬೆಳಿಗ್ಗೆ ಸಾಲು ಎಣಿಸಿದ್ರೆ ಸರಿ ಆಗ್ತದೆ. ಹಾಗೆಯೇ ಸಸಿ ಒಯ್ಯುವ ಹಿಂದಿನ ದಿನ ಒಂದು ನೆನಪಿನ ಮೆಸೇಜ್ ಅದೇ ತಯಾರು ಮಾಡ್ತದೆ. ಗಿರಾಕಿ ಮೆಸೇಜ್ ಹಾಕಿ 24 ಗಂಟೆ ಒಳಗಿನ ಮಾಮೂಲಿ ಉತ್ತರಕ್ಕೆ ವಾಟ್ಸಾಪ್ ದುಡ್ಡು ತಗೊಳ್ಳುವುದಿಲ್ಲ, ಆಮೇಲೆ ನಾವಾಗಿ ಕಳಿಸುವ ಟೆಂಪ್ಲೇಟಿಗೆ, ಅಂದ್ರೆ ಮೊದಲೇ ಒಪ್ಪಿಗೆ ಪಡೆದ ಅಚ್ಚಿನ ಮೆಸೇಜಿಗೆ, ಖರ್ಚುಂಟು, 2025ರ ಜುಲೈಯಿಂದ ಅದು ಮೆಸೇಜ್ ಲೆಕ್ಕದಲ್ಲೇ. ಹಾಗಾಗಿ ನೆನಪಿನದ್ದು ಬಿಟ್ಟು ಆಫರ್ ಗೀಫರ್ ಅಂತ ಯಾವುದೂ ಕಳಿಸುವುದಿಲ್ಲ. ಮಾಡೆಲಿನ ಖರ್ಚಿನ ಬಗ್ಗೆಯೂ ಒಂದು ಮಾತು, ಅದೇ ವಾಕ್ಯ ಕನ್ನಡದಲ್ಲಿ ಬರೆದ್ರೆ ಇಂಗ್ಲಿಷಿಗಿಂತ ಜಾಸ್ತಿ ಟೋಕನ್ (ಮಾಡೆಲ್ ಲೆಕ್ಕ ಹಾಕುವ ಪದದ ತುಂಡು) ತಗೊಳ್ತದೆ, ಕೊಟೇಶನ್ ಕೇಳುವಾಗ ಕನ್ನಡದ, ಮಲಯಾಳದ ಮೆಸೇಜ್ ಕೊಟ್ಟೇ ಲೆಕ್ಕ ಹಾಕಿಸಿ.

ಆ ಸೀಸನ್‌ನಲ್ಲಿ ಇಲ್ಲದ ಸಸಿಗೆ ಅಡ್ವಾನ್ಸ್ ತಗೊಂಡದ್ದು ಮತ್ತೆ ಒಂದೂ ಆಗ್ಲಿಲ್ಲ. ಅತ್ತೆ ರಾತ್ರಿ ಎಂಟರ ಮೇಲೆ ಫೋನ್ ಒಳಗೆ ಇಡ್ತಾರೆ. ತೊಂದರೆ ಆಗ್ಲೇ ಇಲ್ಲ ಅಂತ ಅಲ್ಲ. ಜೂನಲ್ಲಿ ಇಂಟರ್ ಮಂಗಳದ ರೇಟ್ 50ರಿಂದ 55 ಮಾಡಿದ್ರು, ಗೇಟಿನ ಬೋರ್ಡಲ್ಲಿ ಬದಲಿಸಿದ್ರು, ಆ ಎರಡು ಪುಟದಲ್ಲಿ ಬದಲಿಸ್ಲಿಕ್ಕೆ ಮರೆತು ಹೋಯ್ತು. ಬಾಟ್ ಎರಡು ದಿನ ಹಳೆ ರೇಟೇ ಹೇಳಿತು. ಕೇಳಿ ಬಂದ ಮೂರು ಜನಕ್ಕೂ ಮಾವ 50ಕ್ಕೇ ಕೊಟ್ರು, ಒಬ್ಬರತ್ರವೂ ವಾದ ಮಾಡ್ಲಿಲ್ಲ. ಈಗ ಪುಟದ ಮೇಲೆ ರೇಟ್ ಬರೆದ ತಾರೀಕು ಇರ್ತದೆ, ಬೋರ್ಡ್ ಬರೆಯುವವರೇ ಪುಟವೂ ತಿದ್ದಬೇಕು ಅಂತ ನಿಯಮ.

ಭಾವ ಮೊನ್ನೆ ಪುನಃ ಕೇಳಿದ, ಈಗ ಲೆಕ್ಕ ಸರಿ ಇರ್ತದಲ್ಲ, ನೂರರ ಒಳಗಿನ ಬುಕಿಂಗಾದ್ರೂ ಅದಕ್ಕೇ ಬಿಡುವಾ ಅಂತ. ಮಾವ ಬೈಂಡ್ ಪುಸ್ತಕ ತೆಗೆದು ಏಜೆಂಟಿನ ಶೀಟಿನ ಪ್ರಿಂಟ್ ಪಕ್ಕಕ್ಕೆ ಇಟ್ಟು, ಮೇ ಒಂದರಿಂದ ಸಾಲು ಸಾಲಾಗಿ ಬೆರಳಿಟ್ಟು ನೋಡ್ಲಿಕ್ಕೆ ಶುರು ಮಾಡಿದ್ರು. ಜೂನ್ ಹನ್ನೆರಡರ ಪುಟದಲ್ಲಿ 17 ಅಂತ ಇದ್ದದ್ದು ಶೀಟಲ್ಲಿ 11 ಆಗಿತ್ತು, ಅದಕ್ಕೆ ಪೆನ್ನಲ್ಲಿ ಸುತ್ತು ಹಾಕಿದ್ರು. "ಇನ್ನೊಂದು ಮಳೆಗಾಲ ನೋಡುವಾ" ಅಂದ್ರು, ಭಾವನೂ ಒಪ್ಪಿದ.